ಕೊಪ್ರೇಸ್ ಅಂದರೆ ಎಂತ?

ಮೊಮ್ಮಗನಿಗೆ ಇಡುವ ಹೆಸರು ‘ಕೊಪ್ರೇಸ್’ ಎಂದು ಅಳಿಯ ಹೇಳಿದಾಗ ನಾನು ಚಾ ಕುಡಿಯುತ್ತಿದ್ದೆ. ನನ್ನ ಹೆಂಡತಿಗೆ ಕೇಳಿಸಿದ್ದು ‘ಕೊಪ್ರೇಶ’. “ಶಿವನ ಹೆಸರಾ?” ಎಂದು ಕೈ ಮುಗಿದೇಬಿಟ್ಟಳು. ನಾನು ಮುಗಿಯಲಿಲ್ಲ. ಯಾರಾದರೂ ಒಂದು ಮಾತನ್ನು ಅವಸರವಾಗಿ ಹೇಳಿ ಮೊಬೈಲ್ ನೋಡತೊಡಗಿದರೆ ನನಗೆ ಅನುಮಾನ ಹುಟ್ಟುತ್ತದೆ; ಅದು ನನ್ನ ಹುಟ್ಟುಗುಣ.

“ಅರ್ಥ ಎಂತ?” ಎಂದೆ.

“ಹಳೇ ಗ್ರೀಕ್ ಹೆಸರು ಮಾವ. ತುಂಬ ಅಪರೂಪದ್ದು,” ಎಂದ. ಮಗಳು ಮಗುವನ್ನು ಎತ್ತಿಕೊಂಡು ಒಳಗೆ ಹೋದಳು. ನಾನು ಕೇಳಿದ್ದು ಅರ್ಥ, ಅವ ಹೇಳಿದ್ದು ಊರು!

ಇದು ಅವಳ ಮೂರನೆಯ ಮಗು. ಮೊದಲಿನ ಎರಡೂ ಹುಟ್ಟಿ ತಿಂಗಳೊಳಗೇ ತೀರಿಹೋಗಿದ್ದವು. ಹೆದರಿಕೆಗೆ ಈ ಸಲ ತೊಟ್ಟಿಲನ್ನೂ ಮೊದಲೇ ತಂದಿರಲಿಲ್ಲ. ಅಂಥ ಮಗುವಿಗೆ ಅರ್ಥ ಹೇಳಲಾಗದ ಹೆಸರೇ?

ಗುರುವಾರ ಗುರುವಾರ ಅವಳು ಬಿಕರ್ನಕಟ್ಟೆಗೆ ಹೋಗಿ ಬಾಲಯೇಸುವಿಗೆ ಮೇಣದ ಬತ್ತಿ ಹಚ್ಚಿ ಬರುತ್ತಿದ್ದದ್ದು ನೆನಪಾಯಿತು. ಹೋಗಲಿ, ನಾವೂ ಹೋಗುತ್ತೇವೆ. ಇದು ಕ್ರಿಶ್ಚಿಯನ್ ಹೆಸರೋ ಏನೋ. ಆದರೆ ಹರಕೆ ಬೇರೆ, ಹೆಸರು ಬೇರೆ. ಪಕ್ಕದ ಮನೆಯ ಬಾಯಮ್ಮ ದಿನಾ ಇಗರ್ಜಿಗೆ ಹೋಗುವವರು, ಅವರನ್ನೇ ಕೇಳಿದೆ.

“ನಮ್ಮಲ್ಲಿ ಇಂಥ ಹೆಸರು ಇಲ್ಲ ಮಾರಾಯ್ರೆ. ಎಣ್ಣೆ ತೆಗೆಯುವ ಕೊಪ್ರದ ಹಾಗೆ ಕೇಳ್ತದೆ,” ಎಂದು ನಕ್ಕರು. ಉರ್ವದಲ್ಲಿ ಒಬ್ಬರು ವಯಸ್ಸಾದ ಪಾದ್ರಿ ಇದ್ದಾರೆ, ಮೊದಲು ಗ್ರೀಕ್ ಕಲಿಸುತ್ತಿದ್ದವರು ಎಂದೂ ಹೇಳಿದರು. ಹಂಪನಕಟ್ಟೆಗೆ ಹೋಗಿ ಬಸ್ಸು ಬದಲಿಸಿ ಅವರಲ್ಲಿಗೆ ಹೋದೆ.

ಹೆಸರು ಕೇಳಿ ಪಾದ್ರಿ ಕನ್ನಡಕ ತೆಗೆದರು. “ಕೊಪ್ರೋಸ್ ಅಂದ್ರೆ ಸೆಗಣಿ, ಗೊಬ್ಬರ. ಕೊಪ್ರೇಸ್ ಅಂದ್ರೆ ತಿಪ್ಪೆಯವನು ಅಂತ. ಹಿಂದೆ ಈಜಿಪ್ಟಿನಲ್ಲಿ ಗ್ರೀಕ್ ಮಾತಾಡುವವರು ಇದ್ರಲ್ಲ, ಅಲ್ಲಿ ಇಡ್ತಿದ್ರು. ತಿಪ್ಪೆಯಲ್ಲಿ ಬಿಟ್ಟುಹೋದ ಮಗುವನ್ನು ಸಾಕಿದವರು ಇಡ್ತಿದ್ರು ಅಂತ ಕೆಲವರು ಹೇಳ್ತಾರೆ. ದೃಷ್ಟಿ ತಾಗದಿರಲಿ ಅಂತ ಇಟ್ಟದ್ದು ಅಂತ ಇನ್ನು ಕೆಲವರು...”

ಮುಂದಿನದ್ದು ನನ್ನ ಕಿವಿಗೆ ಬೀಳಲಿಲ್ಲ. ಯಾಕೆಂದರೆ ನನಗೂ ಅದೇ ಅರ್ಥದ ಹೆಸರಿತ್ತು. ಹುಟ್ಟಿದೊಡನೆ ಅಮ್ಮ ನನ್ನನ್ನು ಹಟ್ಟಿಯ ಹಿಂದಿನ ತಿಪ್ಪೆಯ ಮೇಲೆ ಉರುಳಿಸಿ ಅದರ ಹೆಸರನ್ನೇ ಇಟ್ಟಿದ್ದಳು. ಶಾಲೆಯಲ್ಲಿ ಹುಡುಗರು ಮೂಗು ಮುಚ್ಚಿಕೊಂಡು ಕರೆಯುತ್ತಿದ್ದರು. ಹೈಸ್ಕೂಲಿಗೆ ಸೇರುವಾಗ ಅತ್ತು ಜಗಳ ಮಾಡಿ ಬದಲಿಸಿಕೊಂಡೆ. ಹೆಂಡತಿಗೂ ಹೇಳಿರಲಿಲ್ಲ. ಈ ಅಳಿಯನಿಗೆ ಹೇಗೋ ಗೊತ್ತಾಗಿದೆ, ನನ್ನನ್ನು ತಮಾಷೆ ಮಾಡುತ್ತಿದ್ದಾನೆ! ಬಸ್ಸಿನಲ್ಲಿ ಕೂತಲ್ಲೇ ಮೈಯೆಲ್ಲ ಉರಿಯಿತು.

ಮನೆಗೆ ಬಂದಾಗ ಹೆಂಡತಿ ಮೀನಿಗೆ ಹೋಗಿದ್ದಳು. ಒಳ್ಳೆಯದೇ ಆಯಿತು. “ನನ್ನ ಮರ್ಯಾದೆ ತೆಗೀಲಿಕ್ಕೆ ನಿಮಗೆ ಈ ಮಗುವೇ ಸಿಕ್ಕಿದ್ದಾ?” ಎಂದು ಅಳಿಯನ ಮೇಲೆ ಹಾರಿಬಿದ್ದೆ. ಅವನು ತಲೆ ತಗ್ಗಿಸಿದ. ಮಗಳು ಹೊರಗೆ ಬಂದಳು.

“ಅವರಿಗೆ ಬಯ್ಯಬೇಡಿ ಅಪ್ಪ. ಹುಡುಕಿದ್ದು ನಾನು. ಅಜ್ಜಿ ಸಾಯುವ ಮೊದಲು ನನಗೊಬ್ಬಳಿಗೆ ಹೇಳಿದ್ರು. ನಿಮಗಿಂತ ಮೊದಲು ಮೂರು ಮಕ್ಕಳು ಹೋಗಿದ್ವಂತೆ. ನಿಮ್ಮನ್ನು ತಿಪ್ಪೆಗೆ ಹಾಕಿ ಎತ್ತಿಕೊಂಡ್ರಂತೆ. ನೀವು ಉಳಿದ್ರಿ.”

“ಓದಿದವಳು ನೀನು. ಅದನ್ನೆಲ್ಲ ನಂಬ್ತೀಯಾ?”

“ನಂಬುದಿಲ್ಲ. ಆದ್ರೆ ಬಿಡ್ಲಿಕ್ಕೆ ಧೈರ್ಯ ಇಲ್ಲ. ಎರಡು ಸಲವೂ ಚಂದ ಚಂದದ ಹೆಸರು ಹುಡುಕಿ ಇಟ್ಟುಕೊಂಡಿದ್ದೆ ಅಪ್ಪ.” ಅವಳು ಮಗು ಮಲಗಿದ್ದ ಕೋಣೆಯ ಕಡೆ ನೋಡಿದಳು. “ನಿಮ್ಮ ಹೆಸರೇ ಇಡುವ ಅಂದ್ರೆ ನೀವು ಬಿಡ್ತೀರಾ? ಶಾಲೆಯಲ್ಲಿ ಇವನನ್ನು ನೋಡಿ ಯಾರೂ ನಗಾಡ್ಬಾರ್ದು ಅಂತ ದೂರದ ಭಾಷೆಯಲ್ಲಿ ಹುಡುಕಿದೆ.”

ನನಗೆ ನಾಚಿಕೆಯಾಯಿತು. ನಾನು ಹೆಸರು ಬದಲಿಸಿದ ಮೇಲೆ ಅಮ್ಮ ಸಾಯುವವರೆಗೂ ನನ್ನನ್ನು ಹೊಸ ಹೆಸರಿನಿಂದಲೇ ಕರೆದಳು. ಅವಳಿಗೆ ಹೇಗಾಯಿತು ಎಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ನಾಮಕರಣದ ದಿನ ಭಟ್ಟರು ಅಕ್ಕಿಯ ಮೇಲೆ ಹೆಸರು ಬರೆಯಲು ಹೊರಟವರು ಕೈ ತಡೆದರು. “ಕೊಪ್ರೇಶ... ಇದು ಯಾವ ದೇವರು?”

“ಶಿವ,” ಎಂದಳು ಹೆಂಡತಿ.

“ಶಿವ ಅಲ್ಲ ಭಟ್ರೆ,” ಎಂದೆ. “ಅಜ್ಜನ ಹೆಸರು.”

ಭಟ್ಟರು ನನ್ನನ್ನು ಅನುಮಾನದಿಂದ ನೋಡಿದರು. “ನಿಮ್ಮ ಹೆಸರು ಬೇರೆ ಉಂಟಲ್ಲ?”

ಮಗುವನ್ನು ಮಗಳ ಕೈಯಿಂದ ತೆಗೆದುಕೊಂಡೆ. ಚಾವಡಿಯಲ್ಲಿದ್ದವರಿಗೆಲ್ಲ ಕೇಳುವ ಹಾಗೆ, ಅಮ್ಮ ಇಟ್ಟ ಹೆಸರನ್ನು ಹೇಳಿದೆ.