ಅವ್ವನನ್ನು ಮಲಗಿಸಿದ ನಾಲ್ಕು ತಿಂಗಳು

ಅವ್ವ ಮೂವತ್ತು ವರ್ಷ ಯರಗುಪ್ಪಿ ಕಡೆಯ ಎರೆಹೊಲಗಳಲ್ಲಿ ಕೂಲಿಗೆ ಕಳೆ-ಕಸ ತೆಗೆದಳು. ಹೆಸರು, ಮೆಣಸಿನಗಿಡ, ಉಳ್ಳಾಗಡ್ಡಿ, ಯಾವ ಬೆಳೆಯಾದರೂ ಕುಕ್ಕರಗಾಲಲ್ಲಿ ಕುಳಿತೇ ಸಾಲಿನ ತುದಿಯವರೆಗೆ ಸರಿಯಬೇಕು. ಆ ಕೂಲಿಯಲ್ಲೇ ನನ್ನನ್ನು ಓದಿಸಿದಳು. ನನಗೆ ಸಂಶಿಯಲ್ಲಿ ಶಿಕ್ಷಕಿಯ ಕೆಲಸ ಸಿಕ್ಕು ಇಬ್ಬರೂ ಇಲ್ಲಿಗೆ ಬಂದ ಮೇಲೂ ಕೂಲಿ ಬಿಡಲಿಲ್ಲ. ಜೊತೆಯ ಹೆಂಗಸರು, ಬುತ್ತಿ, ಹರಟೆ ಇಲ್ಲದೆ ಅವಳಿಗೆ ದಿನ ಹೋಗುತ್ತಿರಲಿಲ್ಲ.

ಎರಡು ವರ್ಷಗಳ ಹಿಂದೆ, ಮುಂಜಾನೆ ಹಾಸಿಗೆಯಿಂದ ಏಳುವಾಗ ಅವಳ ಬಲ ಮೊಣಕಾಲು ಮಡಚದಾಯಿತು. ಸ್ವಲ್ಪ ಹೊತ್ತು ಗೋಡೆ ಹಿಡಿದು ಓಡಾಡಿದರೆ ಸಡಿಲಾಗುತ್ತಿತ್ತು. ಸಂಜೆಗೆ ಮತ್ತೆ ಬಾವು. ಹುಬ್ಬಳ್ಳಿಗೆ ಕರೆದೊಯ್ದೆ. ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದರು. “ಎಲುಬಿನ ನಡುವಿನ ಮೆತ್ತನ್ನ ಪದರ ಸವದೈತ್ರಿ. ಅದು ತಿರುಗಿ ಬರೂದಿಲ್ಲ.”

ಆಮೇಲೂ ಅವರು ಹೇಳುತ್ತಲೇ ಇದ್ದರು: ಕುಕ್ಕರಗಾಲಲ್ಲಿ ಕೂಡಬಾರದು, ದಿನಾ ಅಷ್ಟಿಷ್ಟು ನಡೆಯಬೇಕು, ತೊಡೆಗೆ ವ್ಯಾಯಾಮ ಬೇಕು. ನನ್ನ ತಲೆಯಲ್ಲಿ ಕೂತದ್ದು ‘ಸವದೈತಿ’ ಎಂಬ ಒಂದೇ ಮಾತು. ಉಳಿದಿರುವುದನ್ನಾದರೂ ಸವೆಯದಂತೆ ಕಾಪಾಡಬೇಕು ಎಂದುಕೊಂಡೆ.

ಮಂಚ ತಂದು ಅವಳನ್ನು ಮಲಗಿಸಿದೆ. ತಟ್ಟೆ, ನೀರು, ಎಲ್ಲ ಕೈಗೆ ಕೊಟ್ಟೆ.

“ಮಲಗಿ ಮಲಗಿ ಮೈ ಜಡ್ಡಗಟ್ಟೈತಿ. ಬಾಜೂ ಮನೀತನಕ ಹೋಗಿಬರ್ತೇನಿ” ಎಂದಳು ಒಂದು ದಿನ.

“ಬ್ಯಾಡ ಬೇ. ಇದ್ದದ್ದೂ ಸವದ ಹೋಗತೈತಿ.”

“ಆತು ಬಿಡು. ನೀ ಸಾಲಿ ಕಲ್ತಾಕಿ. ನಿನಗ ಗೊತ್ತಿರತೈತಿ.”

ಮತ್ತೆ ಕೇಳಲಿಲ್ಲ. ಹೊಲಕ್ಕೆ ಹೋಗುವ ಹೆಂಗಸರು ಮೊದಮೊದಲು ಬಾಗಿಲಲ್ಲಿ ನಿಂತು ಮಾತಾಡಿಸುತ್ತಿದ್ದರು. ಬರಬರುತ್ತಾ ಅವರೂ ನಿಲ್ಲದಾದರು.

ನಾಲ್ಕು ತಿಂಗಳಾದ ಮೇಲೆ, ಸೀರೆ ಉಡಿಸುವಾಗ ಅವಳ ತೊಡೆ ನೋಡಿದೆ. ಚರ್ಮ ಜೋತುಬಿದ್ದಿತ್ತು, ಒಳಗೆ ಏನೂ ಇರಲಿಲ್ಲ. ಮರುವಾರ ಬಚ್ಚಲ ಬಾಗಿಲಲ್ಲಿ ಕಾಲು ಭಾರ ತಡೆಯದೆ ಕುಸಿದಳು.

ಮತ್ತೆ ಹುಬ್ಬಳ್ಳಿ. ಈ ಸಲ ವ್ಯಾಯಾಮ ಹೇಳಿಕೊಡುವ ಹೆಣ್ಣುಮಗಳ ಬಳಿ ಕಳಿಸಿದರು. ಅವರು ಅವ್ವನ ತೊಡೆ ಒತ್ತಿ ನೋಡಿ ನನ್ನತ್ತ ತಿರುಗಿದರು. “ಯಾರ್ರಿ ಇವರನ್ನ ಮಲಗಿಸಿದವರು? ಮೊಣಕಾಲು ಎತ್ತಿ ಹಿಡಿಯೂದು ಈ ತೊಡೀನ. ನಡದಿದ್ರ ಇದು ಉಳೀತಿತ್ತು.”

ನಾನು ಬಾಯಿ ತೆರೆಯುವಷ್ಟರಲ್ಲಿ ಅವ್ವ ಅಂದಳು: “ನಾನ ಮಲ್ಕೊಂಡೇನ್ರಿ. ಬ್ಯಾನಿ ತಡೀಲಿಲ್ಲ. ಮಗಳು ಅಡ್ಡಾಡು, ಅಡ್ಡಾಡು ಅಂತ ಬಡಕೊಂಡ್ಲು, ನಾನ ಕೇಳಲಿಲ್ಲ.”

ಅದು ಸುಳ್ಳೆಂದು ಹೇಳಬೇಕಿತ್ತು. ಹೇಳಲಿಲ್ಲ. ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತ ಕುಳಿತಳು. ನಾನು ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲೂ ಇಲ್ಲ, ಹಿಡಿಯಲೂ ಇಲ್ಲ.

ಕೀಲು ಬದಲಿಸುವ ಆಪರೇಷನ್ ಕೇಳಿ ನೋಡಿದೆ. ಅವಳ ಹೃದಯ ಅದನ್ನು ತಡೆಯುವುದಿಲ್ಲ ಎಂದರು ಡಾಕ್ಟರು. ನೋವಿನ ಗುಳಿಗೆ ಹೊಟ್ಟೆಗೆ ಆಗಿಬರಲಿಲ್ಲ.

ಈಗ ಸಾಲೆಯಿಂದ ಬಂದ ಕೂಡಲೇ ಅವಳ ಮೊಣಕಾಲ ಕೆಳಗೆ ಟವಲ್ಲಿನ ಸುರುಳಿ ಇಡುತ್ತೇನೆ. ಅವಳು ಅದನ್ನು ಕೆಳಕ್ಕೆ ಒತ್ತಿ ಹಿಮ್ಮಡಿ ಎತ್ತಬೇಕು. ದಿನಕ್ಕೆ ಹತ್ತು ಸಲವಾದರೂ ಮಾಡಿಸಲು ಹೇಳಿದ್ದಾರೆ. ಎರಡು ವಾರದಲ್ಲಿ ಎಂಟು ಸಲದವರೆಗೆ ಬಂದಿದ್ದಳು. ನನಗೆ ಆಸೆ ಹುಟ್ಟಿತ್ತು. ಆಮೇಲೆ ಎಡಗಾಲೂ ಹಿಡಿಯಿತು. ಬಲಗಾಲು ಮಡಚಿದಂತೆಯೇ ಉಳಿದುಬಿಟ್ಟಿದೆ, ಪೂರ್ತಿ ಚಾಚುವುದಿಲ್ಲ.

ನಿನ್ನೆ ಐದಕ್ಕೆ ನಿಲ್ಲಿಸಿದಳು. “ಸಾಕವ್ವ” ಎಂದಳು. ಇನ್ನೊಂದು ಎಂದು ನಾನು ಒತ್ತಾಯಿಸಲಿಲ್ಲ. ಟವಲ್ ತೆಗೆದು ಮಡಚಿಟ್ಟೆ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದಳು.