ಅತ್ತೆ ಹುಟ್ಟಿದ ಊರು ಕೇಳಿದ ಜನಗಣತಿ ಮಾಸ್ತರು

"ಮಾಣಿ ಹುಲೇಕಲ್ಲಿನಂವ. ಹಂಗೇ ಬರ್ಕಳಿ ಮಾಸ್ತರೆ!" ಎಂದು ಅತ್ತೆ ಜಗಲಿಯಲ್ಲಿ ಪಟ್ಟು ಹಿಡಿದು ಕೂತಿದ್ದರು.

ಅರವತ್ತೊಂದರ ಜನಗಣತಿ. ಫಾರಂ ಹಿಡಿದು ಎದುರಿಗೆ ಕೂತವರು ನಮ್ಮೂರು ಹುಲೇಕಲ್ಲಿನ ಶಾಲೆಯ ಮಾಸ್ತರು. ಬಾಗಿಲ ಹಿಂದೆ ಹೊಸ ಸೊಸೆ ನಾನು, ಸೊಂಟದ ಮೇಲೆ ಮಗ, ಅತ್ತೆಯ ಬಾಯಲ್ಲಿ ಮಾಣಿ.

ಮಗು ಹುಟ್ಟಿದ ಊರು ಯಾವುದು ಎಂದು ಕೇಳಿದ್ದೇ ತಪ್ಪಾಯಿತು ನೋಡಿ!

ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಿನಲ್ಲಿ ತಾನೆ? ನನ್ನ ತವರು ಸಿದ್ದಾಪುರದ ಕಡೆ, ಮಗ ಹುಟ್ಟಿದ್ದೂ ಅಲ್ಲೇ. ಆ ಲೆಕ್ಕದಲ್ಲಿ ನಮ್ಮೂರಿನ ಹಿರಿಮಕ್ಕಳೆಲ್ಲ ವಲಸೆ ಬಂದವರೇ!

ದಿಲ್ಲಿಯಲ್ಲಿ ಕೂತು ಪ್ರಶ್ನೆ ತಯಾರಿಸಿದವರಿಗೆ ನಮ್ಮ ಬಾಣಂತನದ ಸಂಗತಿ ಯಾರು ಹೇಳಬೇಕಿತ್ತೋ...

ಅತ್ತೆಗೆ ಸಿಟ್ಟು ನೆತ್ತಿಗೇರಿತು. "ಯಮ್ಮನೆ ಮಾಣಿನ ಬೇರೆ ಊರಿನಂವ ಹೇಳಿ ಸರ್ಕಾರಕ್ಕೆ ಬರ್ದು ಕೊಡ್ತ್ರಾ?"

ನನಗೆ ನನ್ನದೇ ಚಿಂತೆ. ತಂಗಿಯ ಮದುವೆ ಹತ್ತಿರ ಬಂದಿತ್ತು, ನನ್ನನ್ನು ಕಳಿಸಲು ಅತ್ತೆ ಇನ್ನೂ ಹೂಂ ಅಂದಿರಲಿಲ್ಲ. ಬಾಣಂತನ ಮುಗಿಸಿ ಮೊನ್ನೆ ಬಂದವಳಿಗೆ ಮತ್ತೆಂತ ತವರು ಅನ್ನುವುದು ಅವರ ರಾಗ.

ಈಗಂತೂ ಆ ಊರಿನ ಹೆಸರೆತ್ತಿದರೇ ಉರಿ. ಮದುವೆ ಕೈತಪ್ಪಿತು ಅಂತ ಅಳುವೇ ಬಂತು. ಸುಮ್ಮನೆ ಹುಲೇಕಲ್ ಅಂತ ಗೀಚಿ ಎದ್ದು ಹೋಗಬಾರದೇ ಈ ಮಾಸ್ತರು ಅಂತ ಮನಸ್ಸಲ್ಲೇ ಬೈಯುತ್ತಿದ್ದೇನೆ!

ಅವರು ಸುಳ್ಳು ಬರೆಯುವವರಲ್ಲ. ಅತ್ತೆ ಬಿಡುವವರಲ್ಲ.

ಮಾಸ್ತರು ಉಪಾಯವಾಗಿ ಅತ್ತೆಯ ಫಾರಂ ತೆಗೆದರು. ರಾಷ್ಟ್ರೀಯತೆ? "ಭಾರತವೇ. ಮತ್ತೆಂತ ಲಂಡನ್ನಾ?" ಮಾತೃಭಾಷೆ? "ಈಗ ಬೈತಾ ಇದ್ನಲಾ, ಅದೇ!" ಮಾಸ್ತರು ನಗು ನುಂಗಿಕೊಂಡು ಕನ್ನಡ ಎಂದು ಬರೆದರು.

ಆಮೇಲೆ ಕೇಳಿದರು, "ನೀವು ಹುಟ್ಟಿದ್ದು ಎಲ್ಲಿ ಅಮ್ಮಾ?"

ಜಗಳಕ್ಕೆಂದು ಬಾಯಿ ತೆರೆದ ಅತ್ತೆ ಸೆರಗು ಸರಿಮಾಡಿಕೊಂಡರು. "ವಜ್ರಳ್ಳಿ" ಅಂದರು, ಸಣ್ಣ ದನಿಯಲ್ಲಿ.

ಅಷ್ಟೇ! ಅಲ್ಲಿಯ ಹೊಳೆ, ಅಣ್ಣನ ಜೊತೆ ಕದ್ದು ಈಜಿದ್ದು, ಸಿಕ್ಕಿಬಿದ್ದು ಅಪ್ಪನ ಕೈಯಲ್ಲಿ ಪೆಟ್ಟು ತಿಂದದ್ದು... ಮಾತು ನಿಲ್ಲಲೇ ಇಲ್ಲ. ಮಾವನೂ ಪೇಪರ್ ಮಡಚಿಟ್ಟು ಕೇಳುತ್ತಿದ್ದಾರೆ.

ಮದುವೆಯಾಗಿ ಬಂದ ಮೇಲೆ ಆ ಊರಿನ ಸುದ್ದಿಯನ್ನು ಈ ಮನೆಯಲ್ಲಿ ಯಾರೂ ಅವರ ಹತ್ತಿರ ಕೇಳಿರಲಿಲ್ಲವಂತೆ. ನಗುತ್ತಲೇ ಕಣ್ಣೊರೆಸಿಕೊಂಡರು.

"ವಜ್ರಳ್ಳಿ ಹೇಳಿ ಚಂದ ಮಾಡಿ ಬರ್ಕಳಿ. ಮಾಣಿಗೂ ಅಂವ ಹುಟ್ಟಿದ ಊರನ್ನೇ ಬರ್ಕಳಿ."

ಮಾಸ್ತರಿಗೆ ಮತ್ತೊಂದು ಲೋಟ ಚಹಾ ಸಿಕ್ಕಿತು. ಅವರು ಹೊರಟಿದ್ದೇ ಅತ್ತೆ ಒಳಗೆ ಬಂದರು.

"ಕೂಸೇ, ನೀ ಮದುವೆಗೆ ಮುಂದೆ ಹೋಗು. ಆನು ವಜ್ರಳ್ಳಿಗೆ ಹೋಗಿ, ಅಲ್ಲಿಂದ್ಲೇ ಮದುವೆ ಮನೆಗೆ ಬತ್ತೆ."

ನನಗೆ ಕುಣಿಯುವುದೊಂದು ಬಾಕಿ!

ಶಿರಸಿ ಬಸ್ ಸ್ಟ್ಯಾಂಡಿನವರೆಗೆ ಇಬ್ಬರೂ ಒಟ್ಟಿಗೆ ಹೋದೆವು. ನನಗೆ ಸಿದ್ದಾಪುರದ ಬಸ್ಸು, ಅವರಿಗೆ ಯಲ್ಲಾಪುರದ್ದು. ಕಿಟಕಿಯಿಂದ ಕೈಬೀಸಿದ ಅತ್ತೆ ಥೇಟ್ ರಜೆ ಸಿಕ್ಕ ಶಾಲೆಯ ಹುಡುಗಿ.

ಇತ್ತ ಮನೆಯಲ್ಲಿ ಮಾವ, ನಮ್ಮ ಯಜಮಾನರು ಸೇರಿ ದಿನಾ ಅನ್ನ ಸೀಸಿಕೊಂಡರಂತೆ. ಸೀಸಿಕೊಳ್ಳಲಿ ಬಿಡಿ!

ನಿಮ್ಮನೆಯ ಅಮ್ಮ, ಅಜ್ಜಿ, ಅತ್ತೆ ಹುಟ್ಟಿದ ಊರು ಯಾವುದು... ಯಾವತ್ತಾದರೂ ಕೂತು ಕೇಳಿದ್ದೀರಾ?