ಮಂಜುಳಕ್ಕ ಕ್ಯಾಮೆರಾ ಮುಚ್ಚಿದ್ದೇಕೆ?

ಕಳೆದ ಮಂಗಳವಾರ ಸಂಜೆ ಆರೂವರೆಗೆ ಪಕ್ಕದ ಮನೆಯ ಮಂಜುಳಕ್ಕ ಬಾಗಿಲು ಬಡಿದು, ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದರು.

"ಸುಮಾ, ಇದ್ರಲ್ಲಿ ಏನಂತ ಬೈದಿದಾರೆ ಓದೇ."

ಅಮೆರಿಕದಿಂದ ಬಂದ ಮೇಲ್. ಬೈಗುಳ ಇರಲಿಲ್ಲ, ಅದಕ್ಕಿಂತ ಕೆಟ್ಟದ್ದಿತ್ತು. ಇಪ್ಪತ್ತೇಳನೇ ನಂಬರಿನ ಕೆಲಸಗಾರರು ಬೇಕೆಂದೇ ಆಗಾಗ ಕ್ಯಾಮೆರಾ ಮುಚ್ಚುತ್ತಿದ್ದಾರೆ, ಇದು ಎರಡನೇ ಎಚ್ಚರಿಕೆ, ಮೂರನೆಯದಕ್ಕೆ ಕೆಲಸ ಇಲ್ಲ.

ಇಪ್ಪತ್ತೇಳನೇ ನಂಬರ್ ಅಂದರೆ ಮಂಜುಳಕ್ಕ.

ಅವರ ಕೆಲಸ ಏನು ಅಂತ ಹೇಳಿದರೆ ನೀವು ನಗಬಹುದು. (ಮೊದಲ ಸಲ ಕೇಳಿದಾಗ ನಾನೂ ನಕ್ಕಿದ್ದೆ.) ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹತ್ತಿರ, ಒಂದು ಹಾರ್ಡ್‌ವೇರ್ ಅಂಗಡಿಯ ಮಹಡಿಯ ಮೇಲೆ, ಹಣೆಗೆ ಪುಟ್ಟ ಕ್ಯಾಮೆರಾ ಕಟ್ಟಿಕೊಂಡು ದಿನವಿಡೀ ಟವೆಲ್ ಮಡಿಸುವುದು. ಆ ವಿಡಿಯೋ ಅಮೆರಿಕಕ್ಕೆ ಹೋಗುತ್ತದೆ. ಅಲ್ಲೊಂದು ರೋಬೋಟ್ ಅದನ್ನು ನೋಡಿ ಟವೆಲ್ ಮಡಿಸಲು ಕಲಿಯುತ್ತದೆ.

ಇದಕ್ಕೆ ಮುಂಚೆ ಮಂಜುಳಕ್ಕ ಹದಿನೆಂಟು ವರ್ಷ ಗಾರ್ಮೆಂಟ್ಸಿನಲ್ಲಿದ್ದರು. "ಆಗ ಅವರಿಗೆ ಹೊಲ್ದು ಕಳಿಸ್ತಿದ್ದೆ, ಈಗ ಮಡಿಸಿ ತೋರಿಸ್ತೀನಿ. ಇನ್ನು ಒಗೆದು ಕೊಡೋದೊಂದು ಬಾಕಿ," ಎನ್ನುತ್ತಾರೆ. ಆದರೆ ಈ ಕೆಲಸ ಅವರಿಗೆ ಇಷ್ಟ. ತಲೆ ಮೇಲೆ ನಿಂತು ಕಿರುಚುವವರಿಲ್ಲ. ಬಾತ್‌ರೂಮಿಗೆ ಹೋಗಲು ಯಾರನ್ನೂ ಕೇಳಬೇಕಿಲ್ಲ. ನಲವತ್ನಾಲ್ಕನೇ ವಯಸ್ಸಿಗೆ ಇಂಥ ಇನ್ನೊಂದು ಕೆಲಸ ಎಲ್ಲಿ ಸಿಗುತ್ತದೆ?

"ನಾನು ಯಾವತ್ತು ಮುಚ್ದೆ? ಕಳ್ಳಿ ಅನ್ಕೊಂಡಿದಾರಾ ನನ್ನ?" ಅಂದರು. ಕಣ್ಣು ತುಂಬಿತ್ತು. ಆಮೇಲೆ ಮೂಗು ಒರೆಸಿಕೊಂಡು, "ನಾಳೆ ನನ್ ಜೊತೆ ಬಾ. ಬಸ್ಸು ಸಿಗ್ನಲ್ಲಲ್ಲಿ ಎಷ್ಟು ನಿಮಿಷ ನಿಂತ್ಕೊಂಡ್ತು ಅಂತಾನೂ ಬರ್ಕೊಳೋಳು ನೀನು. ಆ ಬುದ್ಧಿ ಒಂದಿನ ನನಗೆ ಉಪಯೋಗ ಆಗ್ಲಿ."

ಬುಧವಾರ ರಜೆ ಹಾಕಿ ಹೋದೆ.

ಒಂದೇ ದೊಡ್ಡ ಹಾಲ್. ಚಾಪೆ ಹಾಸಿಕೊಂಡು ನೆಲದ ಮೇಲೆ ಸಾಲಾಗಿ ಕೂತ ಹೆಂಗಸರು, ಪ್ರತಿಯೊಬ್ಬರ ಸುತ್ತ ಟವೆಲ್ ಗುಡ್ಡೆ. ಸೂಪರ್‌ವೈಸರ್ ಇಮ್ರಾನ್, ಶಿವಾಜಿನಗರದವರು, ಲ್ಯಾಪ್‌ಟಾಪನ್ನು ನನ್ನ ಮುಂದೆ ತಳ್ಳಿದರು. "ನೀವೇ ನೋಡಿ ಮೇಡಂ. ನಾನು ನೋಡೋಕೆ ಕೂತ್ರೆ ಐದನೇ ಟವೆಲ್‌ಗೆ ನಿದ್ದೆ ಬರುತ್ತೆ, ಕಸಮ್ ಸೆ."

ಎರಡೂವರೆ ಗಂಟೆ ನೋಡಿದೆ. ಎರಡು ಕೈ, ಒಂದು ಟವೆಲ್. ಮಡಿಸು, ಮಡಿಸು, ಸವರು, ಇಡು. ನಡುವೆ ಇದ್ದಕ್ಕಿದ್ದಂತೆ ಎರಡೂ ಕೈ ಕ್ಯಾಮೆರಾದತ್ತ ಬರುತ್ತವೆ, ಒಂದು ಕ್ಷಣ ಪರದೆ ಕತ್ತಲು. ಆಮೇಲೆ ಏನೂ ಆಗದ ಹಾಗೆ ಮುಂದಿನ ಟವೆಲ್. ಹದಿನಾಲ್ಕು ಸಲ. ಪ್ರತಿ ಕತ್ತಲಿನ ಸಮಯವನ್ನೂ ಅದಕ್ಕೆ ತುಸು ಮೊದಲು ಕಂಡದ್ದನ್ನೂ ಗೀಟು ಎಳೆದು ಬರೆದುಕೊಂಡೆ. ಹದಿನಾಲ್ಕು ಸಾಲಿನಲ್ಲೂ ಒಂದೇ ಮಾತು ಬಂತು: "ಕಾಲು ಚಾಚಿದರು."

ಕಾಲು ಚಾಚುವುದಕ್ಕೂ ಕ್ಯಾಮೆರಾ ಮುಚ್ಚುವುದಕ್ಕೂ ಏನು ಸಂಬಂಧ?

"ಅಕ್ಕಾ, ನಿಜ ಹೇಳಿ, ಮುಖ ಕೆರ್ಕೊತೀರಾ?" ಎಂದರು ಇಮ್ರಾನ್.

"ಅಯ್ಯೋ, ನಾನು ಕೈ ಎತ್ತೋದೇ ಇಲ್ಲ ಕಣಪ್ಪ! ಬೇಕಿದ್ರೆ ಆಣೆ ಇಡ್ತೀನಿ," ಎಂದು ಮಂಜುಳಕ್ಕ ಚಾಪೆಯ ಮೇಲೆ ಸರಿದು ಕೂತರು. ಸರಿದ ರಭಸಕ್ಕೆ ಅವರ ಪಾದ ಮಡಿಸಿಟ್ಟ ಟವೆಲ್ ರಾಶಿಗೆ ತಾಗಿತು. ಮಾತು ನಿಲ್ಲಿಸದೆಯೇ ಬಗ್ಗಿ, ಟವೆಲ್ ಮುಟ್ಟಿ, ಎರಡೂ ಕೈಯನ್ನು ಕಣ್ಣಿಗೆ ಒತ್ತಿಕೊಂಡರು.

ಹಾಲ್‌ನಲ್ಲಿದ್ದವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನಗು. ಇಮ್ರಾನ್ ಗೋಡೆ ಹಿಡಿದುಕೊಂಡು ನಕ್ಕರು.

"ಏನಾಯ್ತು?" ಅಂದರು ಮಂಜುಳಕ್ಕ. ಅವರಿಗೆ ಇನ್ನೂ ಗೊತ್ತಾಗಿರಲಿಲ್ಲ!

ಅನ್ನ ಕೊಡುವ ವಸ್ತುವಿಗೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳಬೇಕು. ನಮಗೆ ಇದನ್ನು ಯಾರು ಹೇಳಿಕೊಟ್ಟರು, ಯಾವಾಗ? ನೆನಪಿಲ್ಲ. ಹದಿನೆಂಟು ವರ್ಷ ಬಟ್ಟೆಯಿಂದಲೇ ಉಂಡ ಮಂಜುಳಕ್ಕನಿಗೆ ಟವೆಲ್ಲೂ ಅನ್ನವೇ. ಹಣೆಯ ಮೇಲೆ ಕ್ಯಾಮೆರಾ ಇದೆ ಎಂದು ಆ ಕೈಗಳಿಗೆ ಹೇಗೆ ಗೊತ್ತಾಗಬೇಕು?

ಮರುದಿನ ಬೆಳಿಗ್ಗೆ ಎಂಟಕ್ಕೆ (ಅಲ್ಲಿ ಹಿಂದಿನ ದಿನದ ಸಂಜೆ) ವಿಡಿಯೋ ಕಾಲ್. ಆ ಕಡೆ ಜೆನ್ನಿ ಎಂಬ ಹುಡುಗಿ, ಸುಮಾರು ನನ್ನ ವಯಸ್ಸು. ನನ್ನ ಪಟ್ಟಿ ತೋರಿಸಿ ವಿವರಿಸಿದೆ. ಆಕೆ ಒಮ್ಮೆ ಮಾಡಿ ತೋರಿಸಿ ಅಂದಳು. ಮಂಜುಳಕ್ಕ ತೋರಿಸಿದರು. ಜೆನ್ನಿ ಎದೆಯ ಮೇಲೆ ಕೈ ಇಟ್ಟುಕೊಂಡು ಕ್ಷಮೆ ಕೇಳಿದಳು, ಎರಡೂ ಎಚ್ಚರಿಕೆ ರದ್ದು ಅಂದಳು. ಆಮೇಲೆ ಮೆಲ್ಲಗೆ, "ಇನ್ನು ಮುಂದೆ ಅದನ್ನು ಮಾಡದೆ ಇರಲು ಆಗುತ್ತದೆಯೇ?" ಎಂದು ಕೇಳಿದಳು.

ನಾನು ಕನ್ನಡಕ್ಕೆ ತಂದೆ. ಮಂಜುಳಕ್ಕ ತಮ್ಮ ಎರಡೂ ಕೈಗಳನ್ನು ನೋಡಿಕೊಂಡರು.

"ಆಗಲ್ಲ ಅನ್ನು. ಕೈ ನನ್ನ ಮಾತು ಕೇಳಲ್ಲ. ಆದ್ರೆ ಕಾಲು ತಾಗ್ದಿದ್ರೆ ಕೈ ಯಾಕೆ ಏಳುತ್ತೆ? ಎಂಟು ಗಂಟೆ ನೆಲದ ಮೇಲೆ ಕೂತ್ರೆ ಕಾಲು ಜೋಮು ಹಿಡಿಯುತ್ತೆ, ಚಾಚ್ತೀನಿ, ತಾಗುತ್ತೆ. ಒಂದು ಟೇಬಲ್ ಕೊಡ್ಸು ಅನ್ನು. ನನಗೊಬ್ಬಳಿಗೆ ಅಲ್ಲ, ಎಲ್ಲರ್ಗೂ."

ಹೇಳಿದೆ. ಜೆನ್ನಿ ಹುಬ್ಬೇರಿಸಿದಳು. ಟೇಬಲ್ ಇಲ್ಲವೇ? ನಾವು ಕಳಿಸಿದ ಸೂಚನೆಯ ಮೊದಲ ಪುಟದಲ್ಲೇ ಟೇಬಲ್ಲಿನ ಫೋಟೋ ಇತ್ತಲ್ಲ?

ಇಮ್ರಾನ್ ಸೀಲಿಂಗ್ ಫ್ಯಾನ್ ನೋಡಿದರು. ತಪ್ಪು ಅವರದಲ್ಲ. ಇಲ್ಲಿಯ ಮಾಲೀಕರು ಆ ಪುಟ ನೋಡಿ, "ನಮ್ಮ ಹೆಂಗಸ್ರಿಗೆ ನೆಲದ ಮೇಲೆ ಕೂತು ಅಭ್ಯಾಸ ಇದೆ ಬಿಡಿ," ಎಂದು ಚಾಪೆ ತರಿಸಿದ್ದರಂತೆ.

ಹೊರಗುತ್ತಿಗೆ ಉಪಕಾರವೋ ಶೋಷಣೆಯೋ ಎಂದು ನಾವು ಚರ್ಚೆ ಮಾಡುತ್ತೇವೆ. ಮಾಡುವಾಗ ಬೆರಳು ಸಮುದ್ರದಾಚೆಗೇ ಹೋಗುತ್ತದೆ. ಅಲ್ಲಿಯವರು ಸಾಚಾ ಎಂದು ನಾನು ಹೇಳುತ್ತಿಲ್ಲ. ಟವೆಲ್ ಮಡಿಸುವ ಕೆಲಸ ಇಲ್ಲಿಗೆ ಬಂದದ್ದೇ ಇಲ್ಲಿಯ ಕೈಗಳು ಅಗ್ಗ ಎಂದು. ಆದರೂ ಬಂದ ಕೆಲಸದಿಂದ ಮಂಜುಳಕ್ಕ ನೆಮ್ಮದಿಯಾಗಿದ್ದಾರೆ, ಅದೂ ನಿಜ. ಮತ್ತೆ, ಚಾಪೆ ಹಾಸಿದವರು ಮಾತ್ರ ಅಮೆರಿಕದವರಲ್ಲ.

ಸೋಮವಾರ ಟೇಬಲ್‌ಗಳು ಬಂದವು, ಕುರ್ಚಿಗಳೂ ಬಂದವು. ಮಂಜುಳಕ್ಕ ಹಾಲ್‌ನಲ್ಲಿದ್ದ ಎಲ್ಲರಿಗೂ ಚಿತ್ರಾನ್ನ ಮಾಡಿಕೊಂಡು ಹೋಗಿದ್ದರು. ಸಂಜೆ ಬಂದು ಖಾಲಿ ಡಬ್ಬಿ ಅಲ್ಲಾಡಿಸುತ್ತಾ, "ಇವತ್ತು ಒಂದ್ಸಲಾನೂ ಕತ್ತಲಾಗ್ಲಿಲ್ಲ, ಬರ್ಕೋ!" ಅಂದರು. ಬರೆದುಕೊಂಡೆ. ಅವರ ಕೆಲಸ ಉಳಿದಿದೆ.

ಅವರ ವಿಡಿಯೋಗಳ ಮೇಲೆ ಈಗಲೂ ಇರುವುದು "ವರ್ಕರ್ 27" ಎಂಬ ಚೀಟಿ. ಮಗುವಿಗೆ ಅಕ್ಷರ ಕಲಿಸಿದವರನ್ನು ಟೀಚರ್ ಅನ್ನುತ್ತೇವೆ, ಕಾರು ಓಡಿಸಲು ಕಲಿಸಿದವರನ್ನು ಗುರು ಅನ್ನುತ್ತೇವೆ. ಒಂದು ಯಂತ್ರಕ್ಕೆ ಮನೆಗೆಲಸ ಕಲಿಸುತ್ತಿರುವ ಹೆಂಗಸಿಗೆ ಮಾತ್ರ ಯಾಕೆ ಬರೀ ನಂಬರು?